ತರಗತಿಯ ಆಟ: ಬಹುಮಾನ, ದಂಡನೆ ಮತ್ತು ಕೊನೆಯವನು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಕ-ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನು ಹಿಂದಿನವರ ಗುಣಗಾನ ಮಾಡಬೇಕೆಂಬುದು ರೂಢಿ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈ ವಾರ ಚೆನ್ನಾಗಿ ನೆರವೇರಿಸಿದ್ದಾರೆ. ನಾನು ಇಂದು ಒಂದು ಚಿಕ್ಕ ವಿಷಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ತರಗತಿಯ ಗೋಡೆಗೆ ತೂಗುಹಾಕುವ ಒಂದು ಹಲಗೆಯ ವಿಷಯ.

ಈ ವರ್ಷ ಶಾಲೆ ಆರಂಭವಾದ ಕೆಲವೇ ದಿನಗಳಲ್ಲಿ ನಮ್ಮ ಕಿರಿಯ ಉಪಾಧ್ಯಾಯಿನಿಯರಿಬ್ಬರು ನನ್ನ ಬಳಿಗೆ ಬಂದು ಒಂದು ಅನುಮತಿ ಕೇಳಿದರು. ತರಗತಿಯನ್ನು ತಂಡಗಳಾಗಿ ವಿಂಗಡಿಸುವುದು. ಒಳ್ಳೆಯ ನಡತೆಗೆ ಅಂಕ ಕೊಡುವುದು, ಗದ್ದಲಕ್ಕೆ ಅಂಕ ಕಳೆಯುವುದು. ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯುವುದು. ತಿಂಗಳ ಕೊನೆಗೆ ಗೆದ್ದ ತಂಡಕ್ಕೆ ಬಹುಮಾನ ಕೊಡುವುದು. ಬಹುಮಾನಕ್ಕಾಗಿ ಧರ್ಮಕೇಂದ್ರದ ನಿಧಿಯಿಂದ ಸ್ವಲ್ಪ ಹಣ ಬೇಕೆಂದು ಅವರ ಬಿನ್ನಹ. ಅದೇ ಸಂಜೆ ನಮ್ಮ ಹಿರಿಯ ಉಪಾಧ್ಯಾಯರೊಬ್ಬರು ಬಂದು, “ಸ್ವಾಮಿ, ಮಕ್ಕಳಿಗೆ ಲಂಚ ಕೊಟ್ಟು ಕೂರಿಸುವ ಕಾಲ ಬಂತೇ?” ಎಂದು ನೊಂದು ನುಡಿದರು. ಈ ಮಾತನ್ನು ಕೇಳಿದ ಉಪಾಧ್ಯಾಯಿನಿ, “ಬೆತ್ತವನ್ನಂತೂ ಮುಟ್ಟುವಂತಿಲ್ಲ, ಐವತ್ತು ಮಕ್ಕಳನ್ನು ಹೇಗೆ ಸುಮ್ಮನಿರಿಸಲಿ, ಸ್ವಾಮಿ, ಅದನ್ನಾದರೂ ಹೇಳಿಕೊಡಿ” ಎಂದರು.

ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೧೭ನೆಯ ವಿಧಿ ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ನೀಡಕೂಡದೆಂದು ಹೇಳುತ್ತದೆ. ಆ ಕಾಯ್ದೆ ನಮ್ಮಂಥ ಅಲ್ಪಸಂಖ್ಯಾತರ ಶಾಲೆಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರು ವಾದಿಸಿಕೊಳ್ಳಲಿ. ಬೆತ್ತವನ್ನು ಕೆಳಗಿಡಲು ನಮಗೆ ಕಾಯ್ದೆಯ ಬಲವಂತ ಬೇಕಾಗಿರಲಿಲ್ಲ. ಆದರೆ ಬೆತ್ತವನ್ನು ಕೆಳಗಿಟ್ಟ ಕೈಗೆ ಏನನ್ನು ಕೊಡಬೇಕು? ಈ ಪ್ರಶ್ನೆಗೆ ಶತಮಾನೋತ್ಸವದ ಸಭೆಯಲ್ಲಿ ಉತ್ತರ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಅದನ್ನು ಈಗ ಸಲ್ಲಿಸುತ್ತಿದ್ದೇನೆ.

ಮೊದಲನೆಯದಾಗಿ, ಈ ಆಟ ಹೊಸದೆಂದು ಯಾರೂ ಭಾವಿಸಬಾರದು. ೧೮೨೩ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಎಂಬವರು ತಮ್ಮ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಬರೆದರು. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಅವರ ಆಜ್ಞೆಯಂತೆ ನಡೆದ ವಿಚಾರಣೆ ಅದು. ಜಿಲ್ಲೆಯಲ್ಲಿ ೫೩೩ ಶಾಲೆಗಳು, ಅವುಗಳಲ್ಲಿ ೬,೬೪೧ ವಿದ್ಯಾರ್ಥಿಗಳು, ಅಂದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು ಎಂದು ಅದರಿಂದ ತಿಳಿಯುತ್ತದೆ. ನಮ್ಮ ಹಿರಿಯರು ಐಗಳ ಮಠವೆಂದು ಕರೆಯುತ್ತಿದ್ದ ಜಗಲಿಯ ಶಾಲೆಗಳು ಇವು. ಅಲ್ಲಿಯ ಬೆಳಗಿನ ಪದ್ಧತಿಯನ್ನು ಕ್ಯಾಂಪ್‌ಬೆಲ್ ವಿವರವಾಗಿ ಬರೆದಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಸೋಮಾರಿಗಳಿಗೆ ಬೇರೆಯ ಶಿಕ್ಷೆಗಳಿದ್ದವು. ಕೈಗಳೆರಡನ್ನೂ ಕಟ್ಟಿ ಮಾಡಿನಿಂದ ತೂಗುಬಿಡುವುದು ಒಂದು, ಕುಳಿತು ಏಳುತ್ತಲೇ ಇರುವಂತೆ ಮಾಡುವುದು ಇನ್ನೊಂದು. ಕೋದಂಡ, ಬಸ್ಕಿ ಎಂಬ ಮಾತುಗಳನ್ನು ಕೇಳಿದರೆ ಈ ಸಭೆಯ ಅಜ್ಜಂದಿರ ಮುಖದಲ್ಲಿ ಇಂದಿಗೂ ನಗು ಮೂಡುತ್ತದೆ. ಆ ಕಾಲಕ್ಕೆ ಅದು ನಗುವ ವಿಷಯವಾಗಿರಲಿಲ್ಲ.

ಅಂಗೈಯ ಮೇಲಿನ ಈ ಬರಹಕ್ಕೂ ನಮ್ಮ ಉಪಾಧ್ಯಾಯಿನಿಯರು ಕೇಳಿದ ಹಲಗೆಗೂ ನೆಂಟಸ್ತಿಕೆಯಿದೆ. ನಿಯಮ ಎಲ್ಲರಿಗೂ ತಿಳಿದದ್ದು. ಲೆಕ್ಕ ಎಲ್ಲರ ಕಣ್ಣಿಗೂ ಕಾಣುವಂಥದು. ಫಲ ತತ್‌ಕ್ಷಣ ದೊರೆಯುವಂಥದು. ಮಕ್ಕಳನ್ನು ಆಟ ಸೆಳೆಯುವುದು ಈ ಮೂರು ಗುಣಗಳಿಂದಲೇ. ಆದರೆ ಈ ಪದ್ಧತಿಯ ಒಳಗೆ ಒಂದು ದೋಷ ಅಡಗಿದೆ. ಅದನ್ನು ಕಾಣಲು ಸ್ವಲ್ಪ ಲೆಕ್ಕ ಮಾಡಬೇಕು. ಹನ್ನೆರಡು ಹುಡುಗರಿರುವ ಶಾಲೆಯಲ್ಲಿ ಒಂದು ದಿನ ಹನ್ನೆರಡು ಮಂದಿಯೂ ಕೋಳಿ ಕೂಗುವ ಮೊದಲೇ ಎದ್ದು, ಆರು ಗಂಟೆಗೆ ಮುಂಚೆಯೇ ಬಂದು ನಿಂತರೆನ್ನೋಣ. ಯಾರೊಬ್ಬನೂ ತಡವಾಗಿ ಬಂದಿಲ್ಲ. ಆದರೂ ಆ ನಿಯಮದ ಪ್ರಕಾರ ಹನ್ನೆರಡನೆಯವನಿಗೆ ಹತ್ತು ಏಟು! ಅವನು ಮಾಡಿದ ತಪ್ಪೇನು? ಉಳಿದ ಹನ್ನೊಂದು ಮಂದಿ ಅವನಿಗಿಂತ ಮುಂದಿದ್ದದ್ದು, ಅಷ್ಟೇ. ಒಬ್ಬನು ಕೊನೆಯವನಾಗಲೇಬೇಕಾದ ಆಟ ಇದು. ಪ್ರತಿದಿನವೂ ಒಬ್ಬನು ಕೊನೆಯವನಾಗಬೇಕಾದರೆ, ಹೆಚ್ಚಿನ ದಿನ ಅವನು ಒಬ್ಬನೇ ಆಗಿರುತ್ತಾನೆ. ಮನೆ ದೂರವಿರುವವನು, ಮನೆಯಲ್ಲಿ ಎಬ್ಬಿಸುವವರಿಲ್ಲದವನು.

ಬಹುಮಾನ ಮತ್ತು ದಂಡನೆಯ ಲೆಕ್ಕ ನಮ್ಮ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. ಮದರಾಸಿನ ಎಗ್ಮೂರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಆಶ್ರಮಕ್ಕೆ ೧೭೮೯ರಲ್ಲಿ ಮೇಲ್ವಿಚಾರಕರಾದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಗಳು, ಈ ದೇಶದ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತಮ್ಮ ಶಾಲೆಯಲ್ಲಿ ಬಳಸಿದರು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದರು. ೧೭೯೭ರಲ್ಲಿ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಮರುವರ್ಷ ಅದೇ ನಗರದಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ತರುಣ ಬಡ ಮಕ್ಕಳಿಗಾಗಿ ಅದೇ ಬಗೆಯ ಒಂದು ಶಾಲೆ ತೆರೆದನು. ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯ. ಅವನ ಶಾಲೆಯಲ್ಲಿ ಚೆನ್ನಾಗಿ ನಡೆದವನಿಗೆ ಎದೆಯ ಮೇಲೆ ಬಿಲ್ಲೆ, ಕೈಗೆ ಚೀಟಿ. ಚೀಟಿಗಳನ್ನು ಕೂಡಿಸಿಟ್ಟರೆ ಚೆಂಡು, ದಾಂಡು, ಗಾಳಿಪಟ. ಬೆತ್ತವನ್ನು ಲ್ಯಾಂಕಾಸ್ಟರ್ ಒಪ್ಪುತ್ತಿರಲಿಲ್ಲ; ಇದು ಅವನ ಹಿರಿಮೆ. ಆದರೆ ಬೆತ್ತದ ಸ್ಥಾನಕ್ಕೆ ಅವನು ತಂದದ್ದೇನು? ತಪ್ಪು ಮಾಡಿದವನ ಕೊರಳಿಗೆ ಮರದ ದಿಮ್ಮಿ. ಕೆಲವರನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕಿ, ಉಳಿದ ಮಕ್ಕಳು ಪಂಜರದ ಹಕ್ಕಿಯೆಂದು ನೋಡಿ ನಗುವಂತೆ ಮಾಡುವುದು. ಬಳ್ಳಾರಿಯ ಜಗಲಿಯಲ್ಲಿ ತೂಗಿದ ಮಗುವೂ ಲಂಡನ್ನಿನ ಶಾಲೆಯಲ್ಲಿ ತೂಗಿದ ಮಗುವೂ ಒಂದೇ. ಮೈಮೇಲಿನ ಪೆಟ್ಟನ್ನು ನಿಲ್ಲಿಸಿದೆವೆಂದು ಸಮಾಧಾನಪಡುವವರು, ನಾಚಿಕೆಯೂ ಒಂದು ಪೆಟ್ಟೆಂಬುದನ್ನು ಮರೆಯಬಾರದು.

ಇನ್ನು ನಮ್ಮ ಧರ್ಮಸಭೆಯ ಶಾಲೆಗಳ ಕಡೆಗೆ ನೋಡೋಣ. ಯೇಸುಸಭೆಯವರು ೧೫೯೯ರಲ್ಲಿ ತಮ್ಮ ಎಲ್ಲ ಶಾಲೆಗಳಿಗೂ ಅನ್ವಯಿಸುವಂತೆ ಒಂದು ಶಿಕ್ಷಣ ಕ್ರಮವನ್ನು ಗೊತ್ತುಪಡಿಸಿದರು. ‘ರಾಸಿಯೋ ಸ್ಟುಡಿಯೋರುಮ್’ ಎಂದು ಲ್ಯಾಟಿನಿನಲ್ಲಿ ಅದರ ಹೆಸರು. ಮಕ್ಕಳನ್ನು ಭಯದಿಂದಲ್ಲ, ಗೌರವದ ಆಸೆಯಿಂದ ನಡೆಸಬೇಕೆಂಬುದು ಅದರ ಧೋರಣೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಪ್ರತಿಸ್ಪರ್ಧಿ. ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದಬೇಕು. ಹತ್ತು ಹತ್ತು ಮಂದಿಗೆ ಒಬ್ಬ ನಾಯಕ ಪಾಠ ಒಪ್ಪಿಸಿಕೊಳ್ಳಬೇಕು. ಆ ಶಾಲೆಗಳ ತರಗತಿಗಳಲ್ಲಿ ರೋಮ್ ಮತ್ತು ಕಾರ್ಥೇಜ್ ಎಂಬ ಎರಡು ಪಾಳೆಯಗಳಾಗಿ ಮಕ್ಕಳು ವ್ಯಾಕರಣದ ಯುದ್ಧ ಮಾಡುತ್ತಿದ್ದರು. ಬಹುಮಾನದ ಪರೀಕ್ಷೆಯಲ್ಲಿ ಬರೆದವನ ಹೆಸರು ತೀರ್ಪುಗಾರರಿಗೆ ತಿಳಿಯದಂತೆ ಮುಚ್ಚಿಡಬೇಕೆಂಬ ನಿಯಮವೂ ಅದರಲ್ಲಿದೆ. ದಂಡನೆಯ ವಿಷಯದಲ್ಲಿ ಆ ಗುರುಗಳು ಇನ್ನೂ ಎಚ್ಚರದಿಂದಿದ್ದರು. ದಂಡಿಸಲು ಆತುರಪಡಬಾರದು, ಯಾರಿಗೂ ಹಾನಿಯಾಗದ ಸಣ್ಣ ತಪ್ಪನ್ನು ಕಂಡೂ ಕಾಣದಂತಿರುವುದು ಲೇಸು ಎಂದು ಉಪಾಧ್ಯಾಯರಿಗೆ ಬುದ್ಧಿ ಹೇಳಿದರು. ಏಟು ಕೊಡಲೇಬೇಕಾದರೆ ಗುರುಗಳು ಕೊಡದೆ, ಸಭೆಗೆ ಸೇರದ ಬೇರೊಬ್ಬನಿಂದ ಕೊಡಿಸಬೇಕೆಂದರು. ೧೮೭೮ರ ಡಿಸೆಂಬರ್ ೩೧ರಂದು ಮಂಗಳೂರಿಗೆ ಬಂದಿಳಿದು, ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಯೇಸುಸಭೆಯ ಗುರುಗಳ ಬೆನ್ನಿಗೆ ಸುಮಾರು ಮುನ್ನೂರು ವರ್ಷಗಳ ಈ ಅಭ್ಯಾಸವಿತ್ತು.

ಗುರುಮಠದಲ್ಲಿ ಈ ಇತಿಹಾಸವನ್ನು ಓದಿದಾಗ ನನಗೆ ರೋಮಾಂಚನವಾಯಿತು. ಗುರುದೀಕ್ಷೆ ಪಡೆದ ಕೆಲವು ವರ್ಷಗಳಲ್ಲಿ, ೧೯೯೧ನೆಯ ಇಸವಿಯಲ್ಲಿ, ಮಲೆನಾಡಿನ ಕಾಫಿ ತೋಟಗಳ ನಡುವಣ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದ ನನಗೆ ಶಾಲೆಯ ಏಳನೆಯ ತರಗತಿಯನ್ನು ವಹಿಸಿದರು. ರೋಮ್ ಮತ್ತು ಕಾರ್ಥೇಜ್ ಆ ಮಕ್ಕಳಿಗೆ ದೂರದ ಹೆಸರುಗಳೆಂದು, ತುಂಗಾ ಮತ್ತು ಭದ್ರಾ ಎಂದು ಎರಡು ತಂಡ ಮಾಡಿದೆ. ದಸರಾ ರಜೆ ಮುಗಿದ ಮೇಲೆ ಆಟ ಆರಂಭವಾಯಿತು. ಸರಿಯಾದ ಉತ್ತರಕ್ಕೆ ಅಂಕ, ಶುಚಿಯಾದ ಉಡುಪಿಗೆ ಅಂಕ. ಗದ್ದಲಕ್ಕೆ ಕಳೆ, ತಡವಾಗಿ ಬಂದರೆ ಕಳೆ. ತಿಂಗಳ ಕೊನೆಗೆ ಗೆದ್ದ ತಂಡಕ್ಕೆ ಬಹುಮಾನ. ಮೊದಲ ವಾರದಲ್ಲಿಯೇ ತರಗತಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ನಿಶ್ಶಬ್ದ. ಪಕ್ಕದ ತರಗತಿಯ ಉಪಾಧ್ಯಾಯರು ಬಂದು ಇಣುಕಿ ನೋಡಿ ಹೋದರು. ನನಗೆ ಹೆಮ್ಮೆಯಾಗದೆ ಇರಲಿಲ್ಲ.

ಭದ್ರಾ ತಂಡದಲ್ಲಿ ತೋಟದ ಕೂಲಿ ಲೈನಿನಿಂದ ಬರುವ ಒಬ್ಬ ಹುಡುಗನಿದ್ದ. ವಾರಕ್ಕೆ ನಾಲ್ಕು ದಿನ ಅವನು ತಡವಾಗಿ ಬರುತ್ತಿದ್ದ. ಬಂದಾಗಲೆಲ್ಲ ನಾನು ಹಲಗೆಯ ಕಡೆಗೆ ತಿರುಗಿ ಭದ್ರಾ ತಂಡಕ್ಕೆ ಒಂದು ಅಂಕ ಕಳೆಯುತ್ತಿದ್ದೆ. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಸೀಮೆಸುಣ್ಣದ ಒಂದು ಗೀಟು ಎಳೆದೆ, ಅಷ್ಟೇ. ಬೈಯುವ ಕೆಲಸವನ್ನು ಅವನ ತಂಡದವರು ಮಾಡುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಜನವರಿಯಲ್ಲಿ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಕಾಫಿ ಕೊಯ್ಲಿನ ಕಾಲ. ಕೆಲಸಕ್ಕೆ ಹೋಗುತ್ತಿರಬೇಕೆಂದುಕೊಂಡು ಸುಮ್ಮನಾದೆ. ಆ ತಿಂಗಳು ಭದ್ರಾ ತಂಡ ಮೊದಲ ಬಾರಿಗೆ ಗೆದ್ದಿತು. ನಾನೇ ಚಪ್ಪಾಳೆ ತಟ್ಟಿ, ನನ್ನ ಕೈಯಾರೆ ಅವರಿಗೆ ಒಂದು ಫುಟ್‌ಬಾಲು ಕೊಟ್ಟೆ.

ಕೆಲವು ದಿನಗಳ ಅನಂತರ ರೋಗಿಯೊಬ್ಬರನ್ನು ನೋಡಲು ಆ ಲೈನಿಗೆ ಹೋಗಿದ್ದಾಗ ಹುಡುಗ ಕಣ್ಣಿಗೆ ಬಿದ್ದ. ತಾಯಿ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಬೇಕು. ಗಂಜಿ ಕಾಯಿಸಿ, ತಮ್ಮ ತಂಗಿಯರಿಗೆ ಉಣ್ಣಿಸಿ, ಅವರನ್ನು ಪಕ್ಕದ ಮನೆಯ ಮುದುಕಿಯ ಬಳಿ ಬಿಟ್ಟು, ಐದು ಕಿಲೋಮೀಟರು ನಡೆದು ಅವನು ಶಾಲೆಗೆ ಬರುತ್ತಿದ್ದ. ಎರಡೂವರೆ ತಿಂಗಳು ಅವನ ಹೆಸರಿನಲ್ಲಿ ಗೀಟು ಎಳೆದ ನಾನು ಒಂದು ದಿನವೂ “ಏಕೆ ತಡವಾಯಿತು, ಮಗು?” ಎಂದು ಕೇಳಿರಲಿಲ್ಲ. ಏಕೆ ಶಾಲೆಗೆ ಬರುತ್ತಿಲ್ಲ ಎಂದು ಅಂದು ಕೇಳಿದೆ. ಅವನು ನೆಲ ನೋಡುತ್ತ, “ನಾನು ಬರದಿದ್ದರೆ ಭದ್ರಾ ಗೆಲ್ಲುತ್ತೆ, ಸ್ವಾಮಿ” ಎಂದ.

ಬಂಧುಗಳೇ, ಅನೇಕ ವರ್ಷ ಪಾಪನಿವೇದನೆ ಕೇಳಿದ ಗುರು ನಾನು. ಅಂದು ಆ ಹುಡುಗನ ಮುಂದೆ ನಿಂತಾಗ ನಿವೇದಿಸಬೇಕಾದವನು ನಾನಾಗಿದ್ದೆ. ಅವನನ್ನು ಮರುದಿನ ಬರಹೇಳಿದೆ; ಹಲಗೆಯಿಂದ ತಡವಾಗಿ ಬಂದವರ ಲೆಕ್ಕವನ್ನು ಅಳಿಸಿಹಾಕಿದೆ. ಮೂರು ದಿನ ಬಂದ. ಅಷ್ಟರಲ್ಲಿ ಕೊಯ್ಲು ಮುಗಿಯಿತು. ಮೇಸ್ತ್ರಿ ಅವರ ಸಂಸಾರವನ್ನು ಬೇರೆ ತೋಟಕ್ಕೆ ಕರೆದುಕೊಂಡು ಹೋದ. ಮತ್ತೆ ನಾನು ಅವನನ್ನು ಕಾಣಲಿಲ್ಲ. ಅಂಗೈಯ ಮೇಲೆ ಏಟು ಬೀಳದಿದ್ದರೂ ಅವನು ಬಳ್ಳಾರಿಯ ಆ ಹನ್ನೆರಡನೆಯ ಹುಡುಗನೇ ಆಗಿದ್ದ.

ಹಾಗಾದರೆ ಇಂಥ ಆಟವನ್ನೇ ತೊರೆಯಬೇಕೇ? ಬಹುಕಾಲ ನಾನು ಹಾಗೆಯೇ ಎಣಿಸಿದ್ದೆ. ಆದರೆ ಅನಂತರ ಓದಿದ ಒಂದು ವಿಷಯ ನನ್ನ ಅಭಿಪ್ರಾಯವನ್ನು ತಿದ್ದಿತು. ೧೯೬೯ರಲ್ಲಿ ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಬ್ಯಾರಿಷ್, ಸೌಂಡರ್ಸ್, ವುಲ್ಫ್ ಎಂಬ ಮೂವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಸದ್ವರ್ತನೆಯ ಆಟ’. ನಾಲ್ಕನೆಯ ತರಗತಿ, ೨೪ ಮಕ್ಕಳು, ಎರಡು ತಂಡ. ಅನುಮತಿಯಿಲ್ಲದೆ ಮಾತನಾಡಿದರೆ ಅಥವಾ ಜಾಗ ಬಿಟ್ಟು ಎದ್ದರೆ ಆ ತಂಡದ ಹೆಸರಿನಲ್ಲಿ ಹಲಗೆಯ ಮೇಲೆ ಒಂದು ಗೀಟು. ಇಷ್ಟು ನನ್ನ ಆಟದಂತೆಯೇ ಇದೆ. ಆದರೆ ಒಂದು ನಿಯಮ ಬೇರೆ. ಕಡಮೆ ಗೀಟು ಪಡೆದ ತಂಡ ಗೆಲ್ಲುವುದು ಸರಿ. ಆದರೆ ಎರಡು ತಂಡಗಳ ಗೀಟುಗಳೂ ಐದನ್ನು ಮೀರದಿದ್ದರೆ ಎರಡೂ ಗೆದ್ದಂತೆ. ಬಹುಮಾನವೂ ಹಣದ್ದಲ್ಲ. ಎದೆಗೆ ಒಂದು ಗೆಲುವಿನ ಚೀಟಿ, ಹೆಸರಿನ ಮುಂದೆ ಒಂದು ನಕ್ಷತ್ರ, ಊಟದ ಸಾಲಿನಲ್ಲಿ ಮೊದಲ ಸ್ಥಾನ, ದಿನದ ಕೊನೆಯಲ್ಲಿ ಅರ್ಧ ಗಂಟೆ ಬಿಡುವು.

ಗಣಿತದ ಅವಧಿಯನ್ನು ಚಿಕ್ಕ ಚಿಕ್ಕ ಭಾಗ ಮಾಡಿ ಗಮನಿಸಿದಾಗ, ಆಟಕ್ಕೆ ಮುಂಚೆ ನೂರರಲ್ಲಿ ೯೬ ಭಾಗಗಳಲ್ಲಿ ಮಾತಿನ ಗದ್ದಲವಿತ್ತು. ಆಟ ಆರಂಭವಾದ ಮೇಲೆ ಅದು ೧೯ಕ್ಕೆ ಇಳಿಯಿತು. ಜಾಗ ಬಿಟ್ಟು ಏಳುವುದು ೮೨ರಿಂದ ೯ಕ್ಕೆ ಇಳಿಯಿತು. ಆಟವನ್ನು ನಿಲ್ಲಿಸಿದಾಗ ಗದ್ದಲ ಮರಳಿತು ಎಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಮುಂದೆ ೧೯೮೫ರಿಂದ ಬಾಲ್ಟಿಮೋರ್ ನಗರದಲ್ಲಿ ಷೆಪರ್ಡ್ ಕೆಲ್ಲಮ್ ಎಂಬ ವೈದ್ಯರೂ ಅವರ ಜೊತೆಗಾರರೂ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಈ ಆಟವನ್ನು ಆಡಿಸಿ, ಅವರು ಹತ್ತೊಂಬತ್ತರಿಂದ ಇಪ್ಪತ್ತೊಂದು ವರ್ಷದವರಾದಾಗ ಮತ್ತೆ ಹೋಗಿ ವಿಚಾರಿಸಿದರು. ಚಿಕ್ಕಂದಿನಲ್ಲಿ ಅತಿ ಒರಟರಾಗಿದ್ದ ಹುಡುಗರಲ್ಲಿ, ಈ ಆಟವಾಡಿದವರು ಆಡದವರಿಗಿಂತ ಮಾದಕ ವಸ್ತುಗಳ ಚಟಕ್ಕೆ ಕಡಮೆ ಬಿದ್ದಿದ್ದರು. ಸೀಮೆಸುಣ್ಣದ ಗೀಟು ಬಾಳಿನಲ್ಲಿ ಅಷ್ಟು ದೂರ ಸಾಗಬಲ್ಲದು. ಒಳಿತಿಗೂ ಸಾಗಬಹುದು, ಕೆಡುಕಿಗೂ ಸಾಗಬಹುದು.

ಕ್ಯಾನ್ಸಸಿನ ಆ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಇಬ್ಬರು ಮಕ್ಕಳು ತಾವು ಆಟವಾಡುವುದಿಲ್ಲವೆಂದು ಹಠ ಹಿಡಿದು ತಮ್ಮ ತಂಡಕ್ಕೆ ಗೀಟುಗಳನ್ನು ತಂದುಕೊಟ್ಟರು. ಇಬ್ಬರಿಗಾಗಿ ಇಡೀ ತಂಡ ಸೋಲಬಾರದೆಂದು ಅವರನ್ನು ತಂಡದಿಂದ ಬೇರ್ಪಡಿಸಿ, ಅವರ ಲೆಕ್ಕವನ್ನು ಬೇರೆ ಇಟ್ಟರು. ಒಬ್ಬನ ಭಾರವನ್ನು ಇಡೀ ತಂಡದ ಮೇಲೆ ಹೊರಿಸಿದರೆ, ತಂಡ ಆ ಒಬ್ಬನನ್ನು ದ್ವೇಷಿಸುತ್ತದೆ. ಅದನ್ನು ಅವರು ಬೇಗ ಕಂಡರು, ನಾನು ಕಾಣಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾನ್ ಯಂಗ್ ಎಂಬ ಭೌತಶಾಸ್ತ್ರದ ಉಪಾಧ್ಯಾಯರು ಕಂಪ್ಯೂಟರಿನಲ್ಲಿ ‘ಕ್ಲಾಸ್‌ಕ್ರಾಫ್ಟ್’ ಎಂಬ ತರಗತಿಯ ಆಟವನ್ನು ರಚಿಸಿ ೨೦೧೪ರಲ್ಲಿ ಹೊರತಂದರು. ಆ ಆಟ ಈಗ ಮೊದಲಿನ ರೂಪದಲ್ಲಿ ನಡೆಯುತ್ತಿಲ್ಲ. ಮಕ್ಕಳು ಅದರಲ್ಲಿ ಯೋಧ, ಮಾಂತ್ರಿಕ, ವೈದ್ಯ ಎಂಬ ಪಾತ್ರ ವಹಿಸುತ್ತಿದ್ದರು. ತಪ್ಪು ಮಾಡಿದವನ ಪ್ರಾಣಶಕ್ತಿ ಕುಗ್ಗುತ್ತಿತ್ತು; ಆದರೆ ಯೋಧನಾದ ಗೆಳೆಯ ಅವನ ಪೆಟ್ಟನ್ನು ತಾನು ತೆಗೆದುಕೊಳ್ಳಬಹುದಾಗಿತ್ತು, ವೈದ್ಯನಾದ ಗೆಳತಿ ಅವನನ್ನು ಗುಣಪಡಿಸಬಹುದಾಗಿತ್ತು. ಬಿದ್ದವನನ್ನು ಎತ್ತಿದವನಿಗೂ ಆಟದಲ್ಲಿ ಒಂದು ಸ್ಥಾನವಿರಬೇಕೆಂಬ ಈ ಯೋಚನೆ ನನಗೆ ಬಹಳ ಹಿಡಿಸಿತು. ನನ್ನ ಆಟದಲ್ಲಿ ಬಿದ್ದವನಿಗೆ ಇದ್ದ ದಾರಿ ಒಂದೇ: ಮನೆಯಲ್ಲಿ ಉಳಿಯುವುದು.

ಬಹುಮಾನದಿಂದ ಆಗಬಹುದಾದ ಇನ್ನೊಂದು ಹಾನಿಯನ್ನೂ ಹೇಳದಿದ್ದರೆ ನಮ್ಮ ಹಿರಿಯ ಉಪಾಧ್ಯಾಯರ ಪ್ರಶ್ನೆಗೆ ಅನ್ಯಾಯವಾಗುತ್ತದೆ. ೧೯೭೩ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ವಿದ್ವಾಂಸರು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ೫೧ ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಚಿತ್ರ ಬರೆದ ಮೇಲೆ ಅದೇ ಪತ್ರವನ್ನು ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರಗಳ ಅನಂತರ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಆಟವಾಗಿದ್ದದ್ದು ಅವರಿಗೆ ಕೂಲಿಯಾಗಿಬಿಟ್ಟಿತ್ತು. ಮಗು ತಾನಾಗಿಯೇ ಪ್ರೀತಿಸುವ ಕೆಲಸಕ್ಕೆ ಬೆಲೆ ಕಟ್ಟಿದರೆ ಪ್ರೀತಿ ಹೋಗುತ್ತದೆ, ಬೆಲೆ ಉಳಿಯುತ್ತದೆ. ಲಂಚವೆಂಬ ಹಿರಿಯರ ಮಾತು ಇಂಥ ಕಡೆ ನೂರಕ್ಕೆ ನೂರು ನಿಜ.

ಆಟದ ಬಗ್ಗೆ ಮಾತನಾಡುವಾಗ ಸಂತ ಜಾನ್ ಬೋಸ್ಕೋ ಅವರನ್ನು ಸ್ಮರಿಸದಿರಲಾರೆ. ಬಾಲ್ಯದಲ್ಲಿ ಅವರು ತಮ್ಮ ಹಳ್ಳಿಯಲ್ಲಿ ಎರಡು ಮರಗಳ ನಡುವೆ ಹಗ್ಗ ಕಟ್ಟಿ ಅದರ ಮೇಲೆ ನಡೆದು, ಲಾಗ ಹಾಕಿ, ಕೈಚಳಕ ತೋರಿಸಿ ಜನರನ್ನು ಸೇರಿಸುತ್ತಿದ್ದರು. ನಡುವೆ ಜಪಸರ, ಬೆಳಿಗ್ಗೆ ಕೇಳಿದ ಪ್ರಬೋಧನೆಯ ಪುನರುಕ್ತಿ, ಅದಕ್ಕೆ ನಿಲ್ಲದವನಿಗೆ ಮುಂದಿನ ಆಟ ನೋಡಲು ಅವಕಾಶವಿರಲಿಲ್ಲ. ಷರತ್ತಿನ ಆಟ ಅವರಿಗೂ ಗೊತ್ತಿತ್ತೆಂಬುದು ಇದರಿಂದ ಸ್ಪಷ್ಟ. ಆದರೆ ೧೮೭೭ರಲ್ಲಿ ತಮ್ಮ ಶಿಕ್ಷಣ ಪದ್ಧತಿಯ ಬಗ್ಗೆ ಅವರು ಬರೆದ ಚಿಕ್ಕ ಪ್ರಬಂಧದಲ್ಲಿ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರೇ ಆಧಾರಸ್ತಂಭಗಳು. ೧೮೮೪ರ ಮೇ ತಿಂಗಳಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ, ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂದು ಮಕ್ಕಳಿಗೇ ತಿಳಿಯಬೇಕು ಎಂಬುದನ್ನು ಒತ್ತಿ ಹೇಳಿದರು. ಉಪಾಧ್ಯಾಯರು ಆಟದ ಬಯಲಿನಿಂದ ದೂರ ಸರಿದದ್ದೇ ಕೇಡಿಗೆ ಮೂಲವೆಂದು ಕೊರಗಿದರು. ಅವರ ಪದ್ಧತಿಯಲ್ಲಿ ಗುರು ಮಕ್ಕಳ ಜೊತೆಯಲ್ಲಿರುತ್ತಾನೆ. ನನ್ನ ಆಟದಲ್ಲಿ ನಾನು ಹಲಗೆಯ ಜೊತೆಯಲ್ಲಿದ್ದೆ, ಮಕ್ಕಳಿಗೆ ಬೆನ್ನು ತಿರುಗಿಸಿಕೊಂಡು.

ಈಗ ನನ್ನ ಉತ್ತರ. ಆಟ ಆಡಿಸಿ ಎಂದು ನಮ್ಮ ಉಪಾಧ್ಯಾಯಿನಿಯರಿಗೆ ಸಂತೋಷದಿಂದ ಅನುಮತಿ ಕೊಡುತ್ತೇನೆ. ಆದರೆ ಐದು ಷರತ್ತುಗಳಿವೆ.

ಮೊದಲನೆಯದು: ಯಾರು ಮುಂದು, ಯಾರು ಹಿಂದು ಎಂದು ಸಾಲು ಕಟ್ಟಬೇಡಿ. ಒಂದು ಗೆರೆ ಹಾಕಿ. ಆ ಗೆರೆ ಮುಟ್ಟಿದ ತಂಡಗಳೆಲ್ಲ ಗೆದ್ದಂತೆ. ನಾಲ್ಕು ತಂಡಗಳಿದ್ದರೆ ನಾಲ್ಕೂ ಗೆಲ್ಲುವ ದಿನ ಬರಲಿ. ಆ ದಿನ ಬಂದರೆ ಆಟ ಕೆಟ್ಟಿತೆಂದು ತಿಳಿಯಬೇಡಿ, ಫಲಿಸಿತೆಂದು ತಿಳಿಯಿರಿ.

ಎರಡನೆಯದು: ಮಗುವಿನ ಕೈಯಲ್ಲಿರುವ ವಿಷಯಕ್ಕೆ ಮಾತ್ರ ಅಂಕ. ತಡವಾಗಿ ಬಂದದ್ದಕ್ಕೆ, ಉಡುಪು ಮಾಸಿದ್ದಕ್ಕೆ, ಪುಸ್ತಕ ತರದಿದ್ದಕ್ಕೆ, ಪಾಠ ಬಾರದಿದ್ದಕ್ಕೆ ಅಂಕ ಕಳೆಯಕೂಡದು. ಇವುಗಳಲ್ಲಿ ಹೆಚ್ಚಿನವು ಮನೆಯ ಬಡತನದ ಲೆಕ್ಕ. ಮಗುವಿನ ನಡತೆಯ ಲೆಕ್ಕವಲ್ಲ.

ಮೂರನೆಯದು: ಹಲಗೆಯ ಮೇಲೆ ತಂಡದ ಹೆಸರಿರಲಿ, ಯಾವ ಮಗುವಿನ ಹೆಸರೂ ಬೇಡ. ಸಂಜೆ ಗಂಟೆ ಹೊಡೆದಾಗ ಹಲಗೆಯನ್ನು ಒರೆಸಿಬಿಡಿ. ನಿನ್ನೆಯ ಸಾಲವನ್ನು ಹೊತ್ತುಕೊಂಡು ಯಾವ ಮಗುವೂ ಬೆಳಿಗ್ಗೆ ಶಾಲೆಯ ಮೆಟ್ಟಿಲು ಹತ್ತಬಾರದು. ಕ್ಷಮೆಯನ್ನು ಬೋಧಿಸುವ ನಾವು ಅದನ್ನು ಒಂದು ಒದ್ದೆ ಬಟ್ಟೆಯಿಂದಾದರೂ ತೋರಿಸೋಣ.

ನಾಲ್ಕನೆಯದು: ಬಹುಮಾನ ಅಂಗಡಿಯಿಂದ ಬರುವುದು ಬೇಡ. ಅರ್ಧ ಗಂಟೆ ಆಟ, ಒಂದು ಕಥೆ, ಮರದ ಕೆಳಗೆ ಪಾಠ. ಮಕ್ಕಳಿಗೆ ಇದು ಸಾಕು. ಗದ್ದಲವಿಲ್ಲದಿರುವುದು ರೂಢಿಯಾ‌ದಂತೆ ಬಹುಮಾನವನ್ನು ಮೆಲ್ಲಮೆಲ್ಲನೆ ವಿರಳ ಮಾಡಿ. ಒಮ್ಮೆಗೇ ನಿಲ್ಲಿಸಿದರೆ ಗದ್ದಲ ಮರಳುತ್ತದೆಂಬುದನ್ನು ಕ್ಯಾನ್ಸಸಿನವರು ಕಂಡಿದ್ದಾರೆ.

ಐದನೆಯದು: ಮಕ್ಕಳು ತಾವಾಗಿ ಪ್ರೀತಿಸುವುದಕ್ಕೆ ಅಂಕ ಕೊಡಬೇಡಿ. ಕಥೆಪುಸ್ತಕ ಓದುವುದಕ್ಕೆ, ಹಾಡುವುದಕ್ಕೆ, ಗೆಳೆಯನಿಗೆ ಸಹಾಯ ಮಾಡುವುದಕ್ಕೆ ಬೆಲೆಯ ಚೀಟಿ ಅಂಟಿಸಬೇಡಿ. ಈ ನಿಯಮವನ್ನು ನನಗೂ ಅನ್ವಯಿಸಿಕೊಳ್ಳುತ್ತೇನೆ. ಭಾನುವಾರದ ಬಲಿಪೂಜೆಗೆ ಬಂದ ಮಕ್ಕಳ ಚೀಟಿಗೆ ಮುದ್ರೆ ಒತ್ತಿ, ವರ್ಷದ ಕೊನೆಗೆ ಬಹುಮಾನ ಕೊಡುವ ಪದ್ಧತಿ ನಮ್ಮ ಜ್ಞಾನೋಪದೇಶದ ತರಗತಿಯಲ್ಲಿದೆ. ಅದನ್ನು ಮುಂದಿನ ವರ್ಷದಿಂದ ನಿಲ್ಲಿಸುತ್ತೇನೆ. ಮುದ್ರೆಗಾಗಿ ಬರುವ ಮಗು, ಮುದ್ರೆ ನಿಂತ ದಿನ ಬರುವುದನ್ನೂ ನಿಲ್ಲಿಸೀತು.

ಇನ್ನು ಬಹುಮಾನಕ್ಕೆಂದು ಕೇಳಿದ ಹಣ. ಅದನ್ನು ಕೊಡುತ್ತೇನೆ, ಆದರೆ ಬಹುಮಾನಕ್ಕಲ್ಲ. ಆಟದಲ್ಲಿ ಪದೇ ಪದೇ ಸೋಲುವ ಮಗು, ಪದೇ ಪದೇ ತಡವಾಗಿ ಬರುವ ಮಗು ಯಾವುದೆಂದು ಹದಿನೈದು ದಿನಗಳಲ್ಲಿ ನಿಮಗೆ ತಿಳಿಯುತ್ತದೆ. ಆ ಮಗುವಿನ ಮನೆಗೆ ಹೋಗಿಬರಲು ಬಸ್ಸಿನ ಖರ್ಚಿಗೆ ಆ ಹಣವನ್ನು ಬಳಸಿ. ಹಲಗೆಯ ಮೇಲಿನ ಗೀಟಿನಿಂದ ಉಪಾಧ್ಯಾಯರಿಗೆ ಆಗಬೇಕಾದ ದೊಡ್ಡ ಪ್ರಯೋಜನ ಇದೇ. ಅದು ಮಗುವಿಗೆ ಕೊಡುವ ತೀರ್ಪಲ್ಲ, ನಮಗೆ ಬರುವ ಕರೆ.

ಹೆತ್ತವರಲ್ಲಿ ಒಂದು ಮಾತು. ಮಗು ಮನೆಗೆ ಬಂದೊಡನೆ “ಎಷ್ಟು ಅಂಕ? ಎಷ್ಟನೆಯ ಸ್ಥಾನ?” ಎಂದು ಕೇಳುವವರು ನೀವು. ಶಾಲೆಯಲ್ಲಿ ನಾವು ಒರೆಸಿದ ಹಲಗೆಯನ್ನು ಮನೆಯಲ್ಲಿ ನೀವು ಮತ್ತೆ ಬರೆಯಬೇಡಿ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನೀವೆಲ್ಲ ಬಲ್ಲಿರಿ. ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ತೋಟದ ಯಜಮಾನ ಒಂದೇ ಕೂಲಿ ಕೊಟ್ಟ. ಗುರುಮಠದಲ್ಲಿ ಅದರ ಮೇಲೆ ಉದ್ದುದ್ದ ವ್ಯಾಖ್ಯಾನಗಳನ್ನು ಓದಿದೆ. ಆದರೆ ಅದರ ಅರ್ಥ ನನ್ನೊಳಗೆ ಇಳಿದದ್ದು ಕಾಫಿ ತೋಟದ ಲೈನಿನಲ್ಲಿ, ನೆಲ ನೋಡುತ್ತ ನಿಂತ ಒಬ್ಬ ಹುಡುಗನಿಂದ. ಅವನೀಗ ನಲವತ್ತು ದಾಟಿದ ಗೃಹಸ್ಥನಾಗಿರಬೇಕು. ಅವನ ಮಕ್ಕಳು ಯಾವುದೋ ಶಾಲೆಯಲ್ಲಿ ಓದುತ್ತಿರಬಹುದು. ಅವರ ತರಗತಿಯ ಗೋಡೆಯ ಮೇಲೆಯೂ ಒಂದು ಹಲಗೆ ಇರಬಹುದು. ಅದನ್ನು ಹಿಡಿದ ಉಪಾಧ್ಯಾಯರು ನನಗಿಂತ ಮೊದಲೇ ಅವರನ್ನು “ಏಕೆ ತಡವಾಯಿತು, ಮಗು?” ಎಂದು ಕೇಳಲಿ ಎಂಬುದು ನನ್ನ ಪ್ರಾರ್ಥನೆ.

ನೂರು ವರ್ಷಗಳಲ್ಲಿ ಈ ದೇವಾಲಯದ ನೆರಳಿನಲ್ಲಿ ಓದಿ ಮುಂದೆ ಬಂದವರ ಹೆಸರುಗಳು ಈ ಸಂಚಿಕೆಯಲ್ಲಿ ಅಚ್ಚಾಗಿವೆ. ಅವರನ್ನು ಕಂಡು ಸಂತೋಷಪಡೋಣ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಯಾವ ಮಗುವೂ “ನಾನು ಬರದಿದ್ದರೆ ಉಳಿದವರು ಗೆಲ್ಲುತ್ತಾರೆ” ಎಂದುಕೊಂಡು ಮನೆಗೆ ಹಿಂತಿರುಗದಂತೆ ನೋಡಿಕೊಳ್ಳೋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.